ಎರಡೂ ಕಡೆಯವ್ರು ಕುಡದ ನೀರು

ಹಂಗಲ್ಲವಾ, ಪೈಪ್ ಹುಗಿಯೂದು ದೊಡ್ಡ ಮಾತಲ್ಲ, ಅದರಾಗ ನೀರು ಹರಿಸೂದು ಐತಲ್ಲ, ಅದು ತ್ರಾಸು. ಇಲ್ಲಿ ಕತಾರಿನ ಅಲ್ ಖೋರ್‌ದಾಗ ಸಮುದ್ರದ ನೀರು ಸಿಹಿ ಮಾಡಿ ಮನಿತನಕ ಕಳಸ್ತಾರ, ನಿಮಗೇನ್ ಗೊತ್ತಾಗಬೇಕು. ನಾ ಆಗ ದೋಹಾದ ಕಂಪನ್ಯಾಗ ವೆಲ್ಡರ್, ಅಲ್ಲಲ್ಲ, ಫೋರ್ಮನ್ ಆಗಿದ್ದೆ. ಯೆಮನ್‌ದಾಗ ಒಂದು ಊರಿಗೆ ನೀರಿನ ಕೆಲಸಕ್ಕ ಕಳಿಸಿದ್ರು. ನಿಮ್ಮಜ್ಜಿ ಫೋನಿನಾಗ ಅತ್ಲು, ಅದಿರಲಿ. ಆ ಊರಾಗ ಏನಾಗಿತ್ತಂದ್ರ, ಬಾವಿ ಎಲ್ಲಾ ಗುಡ್ಡದ ಮ್ಯಾಲಿನ ಬಂದೂಕಿನವ್ರ ಕಡೆ, ಮನಿ ಎಲ್ಲಾ ಕೆಳಗಿನ ಬಂದೂಕಿನವ್ರ ಕಡೆ. ನಡುವ ಒಂದು ರಸ್ತೆ, ನಾಯಿನೂ ದಾಟತಿರಲಿಲ್ಲ. ಬಾವಿಯಿಂದ ಮನಿಗೆ ನೀರು ತರೂ ಪೈಪ್ ಒಡದಿದ್ದೂ ಅಲ್ಲೇ. ಜನ ಹಳದಿ ಡಬ್ಬಿ ಹಿಡಕೊಂಡು ಟ್ಯಾಂಕರ್ ಹಾದಿ ಕಾಯೋರು.

ನೀರಿನ ಆಫೀಸಿನಾಗ ಇಂಜಿನಿಯರ್ ಒಬ್ಬಾಕಿ ಇದ್ಲು, ಸಮೀರಾ ಅಂತ, ನಿಮ್ಮವ್ವನ ವಯಸ್ಸು. ಪಗಾರ ನಿಂತು ಎಷ್ಟೋ ತಿಂಗಳಾಗಿತ್ತು, ಆದ್ರೂ ದಿನಾ ಬರಾಕಿ, ದಿನಾ. ಪೈಪ್ ರಿಪೇರಿಗೆ ಗುಡ್ಡದ ಮ್ಯಾಲಿನವ್ರನ್ನ ಒಪ್ಪಿಸಿ ಬಂದ್ಲು, ಅಷ್ಟರಾಗ ಅವರ ಕಮಾಂಡರ್ ಬದಲಾದ. ಹೊಸಬ, "ಹಳೇ ಮಾತು ಖಲಾಸ್," ಅಂದ. ಮತ್ತ ಹೋದ್ಲು. ತಿರುಗಿ ಬರೂದ್ರಾಗ ಕೆಳಗಿನ ಸರಕಾರ ಬದಲಾಗಿ, "ನೀ ಆ ಕಡೆಯಾಕಿ," ಅಂತ ಆಫೀಸಿಗೆ ಬೀಗ ಹಾಕಿದ್ರು. ನನಗ ಸಾಕಾತು. ನನ್ನ ಹರಕು ಅರಬ್ಬಿಯೊಳಗ, "ತಂಗಿ, ನಾ ದೋಹಾಕ್ಕ ಹೊಕ್ಕೀನಿ," ಅಂದೆ. ಆಕಿ ಸಿಟ್ಟಿಗೇಳಲಿಲ್ಲ. "ಹೋಗ್ರಿ. ಹೋಗೂ ಮುಂದ ಆ ಪೈಪ್ ಬೆಸಿಯೂದು ನನಗ ಕಲಿಸಿ ಹೋಗ್ರಿ," ಅಂದ್ಲು. ಹಂಗಂದ ಮ್ಯಾಲ ಹೆಂಗ ಬಿಟ್ಟು ಬರಲಿ ಹೇಳು?

ಆಫೀಸಿಗೆ ಬೀಗ ಇದ್ರೂ ಆಕಿ ಎರಡೂ ಕಡೆ ಹೋಗಿ ಒಂದ ಮಾತು ಹೇಳಿದ್ಲು: "ನಿಮ್ಮ ಚೌಕಿಗೊಂದು ನಲ್ಲಿ, ಅವರ ಚೌಕಿಗೊಂದು ನಲ್ಲಿ. ಪೈಪ್ ಒಂದ. ಅದು ಒಡದ್ರ ಇಬ್ಬರಿಗೂ ಇಲ್ಲ." ಬಂದೂಕಿನವ್ರಿಗೂ ಬಾಯಿ ಆರ್ತದಲ್ಲಾ, ಒಪ್ಪಿದ್ರು. ನಾ ರಸ್ತೆ ನಡುವ ತೆಗ್ಗಿನಾಗ ಇಳಿದೆ, ಆಕಿ ದಂಡಿಮ್ಯಾಲ ಕೆಂಪು ಛತ್ರಿ ಹಿಡದು ನಿಂತ್ಲು, ನೆರಳಿಗಲ್ಲ, ನಾವು ಎರಡೂ ಕಡೆಯವ್ರಿಗೆ ಕಾಣಲಿ ಅಂತ. ವೆಲ್ಡಿಂಗಿನ ಕಿಡಿ ಹಾರೂದ ತಡ, ಮ್ಯಾಲಿಂದ ಒಂದು ಗುಂಡು ಬಂತು, ಗಾಳ್ಯಾಗೋ ಎಲ್ಲೋ, ನಾ ತೆಗ್ಗಿನಾಗ ಬೋರಲು ಬಿದ್ದೆ. ಆಕಿ ಛತ್ರಿ ಅಲುಗಲಿಲ್ಲ. "ಯಲ್ಲಾ, ನಡೀರಿ, ಇನ್ನೊಂದ್ ಸುತ್ತ ಬೆಸಿಯೂದು ಉಳದೈತಿ," ಅಂದ್ಲು, ಅಷ್ಟ. ಮರುದಿನ ಮೊದಲು ಕೆಂಪು ರಾಡಿ, ಆಮ್ಯಾಲ ತಿಳಿನೀರು ಬಂದ್ವು. ಹೆಂಗಸರು ಡಬ್ಬಿ ತುಂಬೂದು ಬಿಟ್ಟು ಮೊದಲು ಮಕ್ಕಳ ಮಾರಿ ತೊಳದ್ರು.

ಏನ್ ಕೇಳಿದಿ, ಈಗ್ಲೂ ಆ ಊರಾಗ ನೀರು ಬರ್ತಾವೇನಂತನಾ? ನಡುವ ಮತ್ತೊಮ್ಮೆ ಒಡೀತಂತ. ಆಕೀನ ನಿಂತು ರಿಪೇರಿ ಮಾಡಿಸಿದ್ಲಂತ, ಈಗ ಬರ್ತಾವಂತ. ರೊಟ್ಟಿ ನಿನ್ನೆ ಬಡದೀನಿ ಅಂತ ಇವತ್ತು ಬಿಡಾಕ ಬರ್ತದೇನು, ಒಳ್ಳೇ ಕೆಲಸಾನೂ ಹಂಗ, ದಿನಾ ಬಡೀಬೇಕು. ಏಳ್ರಿ, ಉಣ್ಣೂಣು.