ನಾಕೂ ಗಾಲಿ

ಅಣ್ಣಿಗೇರಿಯ ಪೆಟ್ರೋಲ್ ಬಂಕಿನ ಸಾಲಿನಲ್ಲಿ ವೃಂದಾ ಟೀಚರು ಸ್ಕೂಟಿ ನಿಲ್ಲಿಸಿದ್ದರು. ಬಾಜೂಕೆ ಆನೆಯಂಥದೊಂದು ಬಿಳಿ ಗಾಡಿ, ಕಿಟಕಿ ಇಳಿಸಿತ್ತು. ಒಳಗಿನ ಗಂಡ ಹೆಂಡಿರ ಮಾತು ಬ್ಯಾಡೆಂದರೂ ಕಿವಿಗೆ ಬೀಳುತ್ತಿತ್ತು.

“ಡ್ರೈವರ್ ಈರಬಸಪ್ಪನ್ನ ಕೆಲಸಾ ಬಿಡಿಸಿದ ಮ್ಯಾಲೂ ಗಾಡಿ ಹಂಗ ಡಿಸೇಲ್ ಕುಡಿಯಾಕತ್ತೈತಲ್ರಿ.”

“ದೊಡ್ಡ ಗಾಡಿ ಮಹಾನಂದಾ, ಕುಡೀತೈತಿ.”

“ಆವಾಗ ಅವನ ಡಿಸೇಲ್ ಕದೀತಾನ ಅಂದ್ರಿ.”

ಹೆಂಡತಿ ಸ್ಟೇರಿಂಗಿನ ಬಾಜೂಕೆ ಬೆರಳು ತೋರಿಸಿದಳು.

“ನಾಕೂ ಗಾಲಿ ಎಳಿಯೂ ಈ ಸ್ವಿಚ್ ಯಾಕ ಚಾಲೂ ಐತ್ರಿ?”

“ಮಳಿಗಾಲದಾಗ ಯರಿ ಹೊಲದ ಕೆಸರಾಗ ಗಾಡಿ ಹುಗದಿತ್ತಲ್ಲ, ನಾನ ಹಾಕಿದ್ದೆ.”

“ಡಾಂಬರ್ ರೋಡಿಗೂ ನಾಕೂ ಗಾಲಿ ಎಳದ್ರ ಡಿಸೇಲ್ ಹೆಚ್ಚಿಗಿ ಹೋಗಂಗಿಲ್ಲೇನ್ರಿ?”

“ಈರಬಸಪ್ಪನೂ ಹಂಗ ಅಂದಿದ್ದ. ಗಾಡಿ ಗಟ್ಟಿ ಹಿಡೀತೈತಿ, ಮುಟ್ಟಬ್ಯಾಡ ಅಂದೆ.”

“ಗುಡಿಯೊಳಗ ಅವನ ಮಗಳ ತಲಿ ಮುಟ್ಟಿಸಿ, ಕದ್ದಿಲ್ಲಂತ ಆಣಿ ಮಾಡಿಸಿದ್ರಿ. ಮಾಡಿದ. ಆದ್ರೂ ಮಂದಿ ಮುಂದ ಕಳ್ಳ ಅಂದ್ರಿ. ಈಗ ನಮ್ಮೂರು ಯರಗುಪ್ಪ್ಯಾಗ ಅವನ ಕೈಗೆ ಯಾರೂ ಗಾಡಿ ಕೊಡವಲ್ರು.”

“ಫೋನ್ ಮಾಡಿ ತಪ್ಪಾತು ಅಂತೀನಿ ಬಿಡ.”

“ಕಳ್ಳ ಅಂದದ್ದು ಫೋನಿನ್ಯಾಗೇನ್ರಿ?”

ಅಷ್ಟರಲ್ಲಿ ಬಂಕಿನವನು ಮುಂದೆ ಬರಲು ಕೈ ಬೀಸಿದ. ಗಂಡ ಗಡಬಡಿಸಿ ಸ್ವಿಚ್ಚಿಗೆ ಕೈ ಹಾಕಿದ. ಹೆಂಡತಿ ಆ ಕೈಯನ್ನೇ ಹಿಡಿದಳು.

“ಬಂದ್ ಮಾಡಬ್ಯಾಡ್ರಿ. ಈಗ ಡಿಸೇಲ್ ಉಳೀತಂದ್ರ, ಕಳ್ಳ ಹೋದ, ಉಳೀತು ಅಂತಾರ ಊರಾಗ. ಮೊದಲ ಗುಡಿಗೆ ನಡೀರಿ, ತಪ್ಪು ನಂದ ಅಂತ ಎಲ್ಲಾರ ಮುಂದ ಹೇಳ್ರಿ. ಆಮ್ಯಾಲೆ ಬಂದ್ ಮಾಡ್ರಿ.”

ಗಂಡ ಸ್ವಿಚ್ ಮುಟ್ಟದೆ ಗಾಡಿ ಮುಂದೆ ಬಿಟ್ಟ.