ಕಾರ್ಬನ್ ಬೇಡ ಅಂದೆನಲ್ಲ

...ಅಲ್ಯೂಮಿನಿಯಂ ತಗೋ ಕಣೋ ನಂಜುಂಡ. ಕಾರ್ಬನ್ ಬೇಡ. ಇಷ್ಟು ಹೇಳೋಕೇ ಮೆಕಿನ್ನಿಯಿಂದ ಇಲ್ಲೀವರೆಗೂ ಡ್ರೈವ್ ಮಾಡ್ಕೊಂಡು ಬಂದೆ. ಹೇಳಾಯ್ತು. ಇನ್ನು ನಿನ್ನಿಷ್ಟ.

ಯಾಕೆ ನಗ್ತೀಯ?

ಅಲ್ಲ, ಯಾಕೆ ನಗು ಬಂತು ಹೇಳು. ಸೈಕಲ್ ಫ್ರೇಮ್ ಕೊಟ್ಟೋನೂ ನಾನೇ, ಬೇಡ ಅನ್ನೋನೂ ನಾನೇ ಅಂತಾನಾ? ಕೊಟ್ಟಾಗ ನೀನು ಇದಕ್ಕೆ ಮೋಟಾರ್ ಕೂರಿಸ್ತೀನಿ ಅಂದಿದ್ಯಾ? ಅಂದಿರಲಿಲ್ಲ. ...ಸರಿ, ಅಂದಿದ್ದೆ. ಅಂದಿದ್ದೆ, ಒಪ್ಪಿದೆ. ಆದ್ರೆ ನೀನು ಅಂದಿದ್ದೆಲ್ಲಾ ಮಾಡಿದ್ದಿದ್ರೆ ಈ ಗ್ಯಾರೇಜಲ್ಲಿ ಕಾರು ನಿಲ್ಲಿಸೋಕೆ ಜಾಗ ಇರ್ತಿತ್ತು ಕಣೋ! ನೋಡು, ಆ ಮೂಲೇಲಿ. ಏನದು? ತೊಟ್ಟಿಲು. ಶ್ರಾವಣಿ ಹುಟ್ಟೋಕೆ ಮುಂಚೆ ಶುರು ಮಾಡಿದ್ದು. ಮಗಳಿಗೆ ಈಗ ಇಪ್ಪತ್ತೊಂದು. ತೊಟ್ಟಿಲಿಗಿನ್ನೂ ತಳ ಇಲ್ಲ. ಪ್ಲೇನೋ ಅಪಾರ್ಟ್‌ಮೆಂಟಿಂದ ಈ ಲಿಟಲ್ ಎಲ್ಮ್‌ಗೆ ಅದನ್ನೂ ಜೋಪಾನವಾಗಿ ಶಿಫ್ಟ್ ಮಾಡ್ದೆ. ಹಿತ್ತಲಲ್ಲಿ ಕರಿಬೇವಿಗೆ ಅಂತ ಗಾಜಿನ ಮನೆ ಕಟ್ಟಿದ್ಯಲ್ಲ, ಅದಕ್ಕೆ ಗೋಡೆ ಎಷ್ಟು? ಮೂರು. ಕರಿಬೇವು ಯಾವ ಕಡೆಯಿಂದ ಸತ್ತುಹೋಯ್ತು? ನಾಲ್ಕನೇ ಕಡೆಯಿಂದ.

ಬೇಜಾರು ಮಾಡ್ಕೋಬೇಡ. ಪ್ರೀತಿಯಿಂದ ಹೇಳ್ತಿದ್ದೀನಿ. ಇಷ್ಟು ವರ್ಷ ಒಂದನ್ನೂ ಮುಗಿಸದೋನು ನಿನ್ನೆ ವಾಟ್ಸಾಪಲ್ಲಿ ಫೋಟೋ ಹಾಕಿ "ಮೋಟಾರ್ ಬಂತು, ನಾಳೆ ಕೂರಿಸ್ತೀನಿ" ಅಂದ್ರೆ ಯಾರಿಗೆ ತಾನೇ ಗಾಬರಿ ಆಗಲ್ಲ?

ಗಾಬರಿ ಅಂದ್ರೆ... ಸಂತೋಷ. ಸಂತೋಷ ಅನ್ನೋ ಅರ್ಥದಲ್ಲಿ.

ಭುಜಾನಾ? ಪರವಾಗಿಲ್ಲ ಈಗ. ಕೈ ಇಷ್ಟು ಎತ್ತಬಹುದು, ನೋಡು. ಇದಕ್ಕಿಂತ ಮೇಲೆ ಹೋಗಲ್ಲ, ಆದ್ರೆ ಮೇಲೆ ನನಗೇನು ಕೆಲಸ? ...ಅಯ್ಯೋ, ಮತ್ತೆ ಏಣಿ ಮಾತು ಎತ್ತಬೇಡ ಮಾರಾಯ. ರಾಜ್ಯೋತ್ಸವ ಮುಗಿದು ನಾಲ್ಕು ತಿಂಗಳಾಯ್ತು. "ನಾನು ಏಣಿ ಹಿಡ್ಕೊಂಡಿದ್ದಿದ್ರೆ ನೀನು ಬೀಳ್ತಿರಲಿಲ್ಲ" ಅಂತ ಇನ್ನೂ ಎಷ್ಟು ಸಲ ಅಂತೀಯ? ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಇಟ್ಕೊಂಡಿದ್ರೆ ಬರ್ತಿದ್ನಾ?

ಈಗ ವಿಷಯಕ್ಕೆ ಬಾ. ಕಾರ್ಬನ್ ಹಾಕಿದ್ರೆ ಎಷ್ಟು ಹಗುರ ಆಗುತ್ತೆ? ಒಂದೂವರೆ ಪೌಂಡು. ಅದಕ್ಕೆ ನೀನು ನೇತುಹಾಕೋ ಮೋಟಾರು, ಬ್ಯಾಟರಿ ಎಷ್ಟು? ಇಪ್ಪತ್ತು ಪೌಂಡು. ಮದುವೆ ಊಟ ಮಾಡಿ ಬೀಡಾ ಬೇಡ, ತೂಕ ಜಾಸ್ತಿ ಆಗುತ್ತೆ ಅನ್ನೋ ಕೇಸು ನಿಂದು.

ಓದಿದ್ದೀಯಾ? ಏನು, ಇದೆಲ್ಲಾ ಇಂಟರ್ನೆಟ್ಟಿಂದ ಪ್ರಿಂಟ್ ತೆಗೆದಿದ್ದಾ? ಹೈಲೈಟರ್ ಬೇರೆ! ಹಳದಿ ಯಾಕೆ, ಹಸಿರು ಯಾಕೆ? ...ಹಸಿರು ಅಂದ್ರೆ ಆಗಬಹುದು ಅಂದೋರು. ಹಳದಿ ಅಂದ್ರೆ ಹುಷಾರು ಅಂದೋರು. ನಾನು ಯಾವುದರಲ್ಲಿ ಬರ್ತೀನಿ? ನನಗೆ ಕೆಂಪು ಹಾಕು. ಯಾಕೆ ಅಂದ್ರೆ ಕೇಳು. ಮೋಟಾರ್ ಕೂರೋದು ಪೆಡಲ್ ಹತ್ರ. ಅದು ಜಗ್ಗಿದಾಗೆಲ್ಲ ಫ್ರೇಮನ್ನ ತಿರುಚುತ್ತೆ. ಅಲ್ಯೂಮಿನಿಯಂ ಆದ್ರೆ ನೆಗ್ಗುತ್ತೆ, ಡೊಂಕಾಗುತ್ತೆ, ಬೆಳಿಗ್ಗೆ ಎದ್ದು ನೋಡಿದ್ರೆ ಗೊತ್ತಾಗುತ್ತೆ. ಕಾರ್ಬನ್ ಹಾಗಲ್ಲ. ಒಳಗೊಳಗೇ ಬಿರುಕು ಬಿಟ್ಟಿರುತ್ತೆ, ಮೇಲೆ ಬಣ್ಣ ಪಳಪಳ ಅಂತಿರುತ್ತೆ. ಯಾರಿಗೂ ಏನೂ ಕಾಣಲ್ಲ. ಒಂದಿನ ಇಳಿಜಾರಲ್ಲಿ ಹೋಗ್ತಿರ್ತೀಯ... ಟಪ್. ಮುಗೀತು.

ಈ ಫ್ರೇಮ್ ಅಂತಲ್ಲ. ನಾನು ಕಾರ್ಬನ್ ಜಾತಿ ಬಗ್ಗೆ ಹೇಳ್ತಿದ್ದೀನಿ. ಸಾಮಾನ್ಯವಾಗಿ.

ಸರಿ, ಸಸ್ಪೆನ್ಷನ್ ತೋರಿಸು. ಅದನ್ನಾದ್ರೂ ನೋಡೋಣ. ಮುಂದಿನ ಫೋರ್ಕ್ ನೂರೈವತ್ತು ಮಿಲಿಮೀಟರ್ ಕುಗ್ಗೋದಾ? ಒಳ್ಳೇದು. ಹಿಂದಿನ ಶಾಕ್ ಗಾಳೀದು. ಒಳ್ಳೇದು, ಒಳ್ಳೇದು. ಸ್ಪ್ರಿಂಗ್‌ದಾದ್ರೆ ಕೂರೋರ ತೂಕ ಬದಲಾದಾಗೆಲ್ಲ ಸ್ಪ್ರಿಂಗೇ ಬದಲಾಯಿಸ್ಬೇಕು. ಇದಕ್ಕೆ ಪಂಪ್ ಹಿಡಿದು ತೂಕಕ್ಕೆ ತಕ್ಕ ಹಾಗೆ ಗಾಳಿ ತುಂಬಿದ್ರೆ ಆಯ್ತು. ನೋಡು, ಇಂಥಾ ವಿಷಯದಲ್ಲಿ ನಿನ್ನನ್ನ ಮೆಚ್ಚಬೇಕು. ಫ್ರೇಮ್ ಒಂದು ಬದಲಾಯಿಸಿಬಿಡು, ನಾನು ಕೈಯೆತ್ತಿ ಮುಗೀತೀನಿ. ಎಷ್ಟು ಎತ್ತೋಕಾಗುತ್ತೋ ಅಷ್ಟು.

ಆದ್ರೆ ಈ ಚೀಟೀಲಿ ತಪ್ಪು ಬರೆದಿದ್ದೀಯ ಕಣೋ. "ಸವಾರರ ತೂಕ ನೂರ ಹದಿನೆಂಟು ಪೌಂಡು." ನೂರ ಹದಿನೆಂಟು ನೀನು ಯಾವಾಗ ಇದ್ದೆ? ಎಸ್ಸೆಸ್ಸೆಲ್ಸೀಲಾ? ಇಷ್ಟು ಗಾಳಿ ತುಂಬಿ ನೀನು ಕೂತ್ರೆ ಶಾಕ್ ಪೂರ್ತಿ ಕೂತುಬಿಡುತ್ತೆ.

ಏನು?

ಯಾರು ಕೂರೋದು?

...ಶ್ರಾವಣೀನಾ.

ಇಲ್ಲ, ಒಳ್ಳೇದು. ಒಳ್ಳೇದೇ. ಹುಟ್ಟುಹಬ್ಬಕ್ಕಾ. ನೀನು ನಿನಗೇ ಅಂತ ಮಾಡ್ಕೋತಿದ್ದೀಯ ಅಂದ್ಕೊಂಡಿದ್ದೆ. ಸಂಜೆ ಹೊತ್ತು ಕೆರೆ ಸುತ್ತ ನಾಲ್ಕು ರೌಂಡು ಹಾಕೋಕೆ. ...ಆಸ್ಟಿನ್‌ಗೆ? ಆಸ್ಟಿನ್‌ಗೆ ಒಯ್ತಾಳಾ? ಯಾವಾಗ? ಈ ಭಾನುವಾರ? ನಾಳೇನಾ! ನಂಜುಂಡ, ಅಲ್ಲೆಲ್ಲಾ ಬಂಡೆ ಕಣೋ. ಇಲ್ಲಿ ಏರು ಅಂದ್ರೆ ಫ್ಲೈಓವರ್, ಇಳಿಜಾರು ಅಂದ್ರೆ ಅದರ ಆ ಕಡೆ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸುಣ್ಣದಕಲ್ಲು. ಫ್ರೆಂಡ್ಸ್ ಜೊತೆ ಹೋಗ್ತಾಳೆ, ವಯಸ್ಸಿನ ಹುಡುಗ್ರು, ನಿಧಾನ ಅನ್ನೋ ಮಾತೇ ಗೊತ್ತಿರಲ್ಲ. ನಾನು ಸೈಕಲ್ ಕಲಿಸ್ದವಳು ಅವಳು, ನೆನಪಿದ್ಯಾ? ನೀನು ಹ್ಯೂಸ್ಟನ್ ಪ್ರಾಜೆಕ್ಟಲ್ಲಿದ್ದೆ, ವಾರಕ್ಕೊಂದು ಸಲ ಬರ್ತಿದ್ದೆ. ಪಾರ್ಕಿಂಗ್ ಲಾಟಲ್ಲಿ ಸೀಟ್ ಹಿಡ್ಕೊಂಡು ಹಿಂದೆ ಓಡಿದೋನು ನಾನು. "ಅಂಕಲ್, ಡೋಂಟ್ ಲೆಟ್ ಗೋ" ಅಂತ ಕಿರುಚೋಳು. ನಾನು ಕೈ ಬಿಟ್ಟಾದ ಮೇಲೂ ಕಿರುಚ್ತಿದ್ಲು.

ಅವಳಿಗೆ ಅಲ್ಯೂಮಿನಿಯಂ ಕೊಡಿಸೋಣ. ನಾನೇ ತರ್ತೀನಿ. ಇವತ್ತೇ. ಡಲ್ಲಾಸಲ್ಲಿ ಅಂಗಡಿ ಆರಕ್ಕೆ ಮುಚ್ಚುತ್ತೆ, ಈಗ ಹೊರಟ್ರೆ...

ಏನು ಹುಡುಕ್ತಿದ್ದೀಯ? ಚಿಲ್ಲರೆನಾ? ಕ್ವಾರ್ಟರ್ ನಾಣ್ಯ ಯಾಕೆ?

ಓ, ಅದಾ. ತಟ್ಟಿ ನೋಡೋದು. ಅದನ್ನೂ ಓದಿದ್ದೀಯಾ. ಯಾವ ಬಣ್ಣದಲ್ಲಿತ್ತು? ಆಯ್ತು, ತಟ್ಟು. ಗಟ್ಟಿ ಇರೋ ಕಡೆ ಟಕ್ ಅನ್ನುತ್ತೆ, ಒಳಗೆ ಬಿರುಕಿದ್ರೆ ದಬ್ ಅನ್ನುತ್ತೆ. ಮಡಕೆ ಕೊಳ್ಳೋವಾಗ ಅಮ್ಮಂದಿರು ಬಡಿದು ನೋಡ್ತಿದ್ರಲ್ಲ, ಹಾಗೆ. ಟಕ್. ಟಕ್. ಮೇಲಿನ ಟ್ಯೂಬ್ ಚೆನ್ನಾಗಿದೆ ಬಿಡು. ಸೀಟ್ ಟ್ಯೂಬ್ ಟಕ್. ಅದೂ ಚೆನ್ನಾಗಿದೆ. ಸಾಕು, ಇಷ್ಟು ನೋಡಿದ್ರೆ ಸಾಕು. ಪೂರ್ತಿ ತಟ್ಟೋಕೆ ಇದೇನು ಮೃದಂಗಾನಾ. ನೀನು ಯಾವತ್ತು ಯಾವುದನ್ನ ಕೊನೇವರೆಗೂ... ಕೆಳಗಿನ ಟ್ಯೂಬ್ ಯಾಕೆ ಈಗ? ಟಕ್. ಟಕ್. ಅಲ್ಲಿ ಬೇಡ.

...

ಬಣ್ಣ ಹೋಗುತ್ತೆ ಅಂತ ಅಂದೆ.

ಹಾಗೆ ನೋಡ್ಬೇಡ್ವೋ.

ನೀನಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ ಅಲ್ವಾ. ಆರು ಇಂಚು ದೂರ ಇತ್ತು ನಿನ್ನ ಕೈ. ಹೂಂ. ನಾನೇ ಬಾಯಿಬಿಟ್ಟೆ.

ತಟ್ಟು. ಪರವಾಗಿಲ್ಲ, ತಟ್ಟು. ಮುಂದಿನ ಚಕ್ರದ ಕಡೆ ತಿರುಗುತ್ತಲ್ಲ, ಆ ಜಾಗದ ಕೆಳಗೆ.

ದಬ್.

ಕೇಳಿಸ್ತು. ಎರಡನೇ ಸಲ ತಟ್ಟೋದು ಬೇಡ, ನನಗೆ ಗೊತ್ತಿರೋ ಸದ್ದು ಅದು. ಮೇಲೆ ನಾನೇ ಬಣ್ಣ ಹಚ್ಚಿದ್ದು. ಹೆಂಡ್ತಿ ನೇಲ್ ಪಾಲಿಶ್ ಕಣೋ, ಪ್ರಿಯಂವದಾಳದ್ದು, ಕಪ್ಪು. ಅವಳು ಯಾವುದೋ ಮದುವೆಗೆ ಅಂತ ತಗೊಂಡಿದ್ದು.

ಸರಿ, ನಾನೇ ಹೇಳ್ತೀನಿ.

ರಾಜ್ಯೋತ್ಸವದ ದಿನ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟೆ. ಪ್ರಾಸ್ಪರ್‌ಗೆ ಹೋಗಿ ಹಾಲಲ್ಲಿ ಸ್ಟೇಜ್ ಕಟ್ಟಬೇಕು ಅಂತ ಪ್ರಿಯಂವದಾಗೆ ಹೇಳ್ದೆ. ಸ್ಟೇಜ್ ಕಟ್ಟೋದಿದ್ದದ್ದು ಹತ್ತು ಗಂಟೆಗೆ. ಸೈಕಲ್ ಕಾರ್ ಹಿಂದುಗಡೆ ಇತ್ತು, ಮೇಲೆ ಭುವನೇಶ್ವರಿ ಫೋಟೋ, ಬ್ಯಾನರು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಇನ್ನು ಸೈಕಲ್ ಮುಟ್ಟಲ್ಲ ಅಂತ ಅವಳಿಗೆ ಆಣೆ ಮಾಡಿದ್ದೆ, ನಿನಗೂ ಗೊತ್ತು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋನು ಬೀಳಬಾರದು ಅಂತ ಡಾಕ್ಟ್ರು ಹೇಳಿದ್ರು. ಮೂರು ತಿಂಗಳು ಸುಮ್ಮನಿದ್ದೆ ಕಣೋ. ಆವತ್ತು ಆಗಲಿಲ್ಲ. ಒಂದೇ ರೌಂಡು ಅಂದ್ಕೊಂಡೆ. ಮೆಕಿನ್ನಿ ಕಾಡಿನ ಟ್ರೇಲಲ್ಲಿ ಒಂದು ಬೇರು, ಅದರಾಚೆ ಒಂದು ಕಲ್ಲು. ಭುಜ ಕಲ್ಲಿಗೆ, ಫ್ರೇಮು ಕಲ್ಲಿಗೆ. ಫೋರ್ಕ್ ಸೊಟ್ಟಗಾಯ್ತು. ಫ್ರೇಮ್ ಮಾತ್ರ ಕೊಟ್ಟು ಫೋರ್ಕ್ ಯಾಕೆ ಕೊಡಲಿಲ್ಲ ಅಂತ ಕೇಳಿದ್ಯಲ್ಲ ಆಗ? ಅದಕ್ಕೆ.

ಹೇಗೋ ಒಂದೇ ಕೈಯಲ್ಲಿ ಕಾರು ಓಡಿಸ್ಕೊಂಡು ಹಾಲ್‌ಗೆ ಬಂದೆ. ಯಾರೂ ಇರಲಿಲ್ಲ. ಸ್ಟೇಜ್ ಮೇಲೆ ಏಣಿ ನಿಲ್ಲಿಸಿತ್ತು. ಅದರ ಪಕ್ಕ ಕೂತ್ಕೊಂಡೆ, ನೋವು ತಡೆಯೋಕಾಗದೆ. ಆಮೇಲೆ ನೀನು ಬಂದೆ, ಬಿಸಿಬೇಳೆಬಾತ್ ಟ್ರೇ ಹಿಡ್ಕೊಂಡು. ಏಣಿ ನೋಡ್ದೆ, ನನ್ನ ನೋಡ್ದೆ, "ಬಿದ್ಯೇನೋ?" ಅಂದೆ. ನಾನು "ಹೂಂ" ಅಂದೆ. ಸುಳ್ಳಲ್ಲ. ಬಿದ್ದಿದ್ದೆ.

ನಗು ಬರಲ್ವಾ? ನನಗೂ ಬರಲಿಲ್ಲ.

ಆಮೇಲೆ ಎಲ್ಲಾ ತಾನಾಗೇ ಆಯ್ತು. ಸಾಯಂಕಾಲ ಸ್ಟೇಜ್ ಮೇಲೆ ಕರೆದು ಶಾಲು ಹೊದಿಸಿದ್ರು. ಕನ್ನಡಮ್ಮನ ಸೇವೇಲಿ ಪೆಟ್ಟು ಮಾಡ್ಕೊಂಡೋನು ಅಂತ. ಹೆಸರು ಸೂಚಿಸ್ದೋನು ನೀನು. ಇನ್ನೂರೈವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಆ ಹೊತ್ತಲ್ಲಿ ನಾನು ಮೈಕ್ ತಗೊಂಡು ಏನಂತ ಹೇಳ್ಬೇಕಿತ್ತು ಹೇಳು? "ಧನ್ಯವಾದ" ಅಂದೆ. ನೀನು ಪ್ರತಿ ಮಂಗಳವಾರ ನನ್ನ ಫಿಸಿಯೋಗೆ ಕರ್ಕೊಂಡು ಹೋದೆ, ಆರು ವಾರ, ಆಫೀಸಿಗೆ ರಜಾ ಹಾಕಿ. ದಾರಿಯುದ್ದ "ನಂದೇ ತಪ್ಪು ಕಣೋ ಚನ್ನಕೇಶವ" ಅಂತಿದ್ದೆ. ನಾನು "ಇರಲಿ ಬಿಡೋ" ಅಂತಿದ್ದೆ. ದೊಡ್ಡ ಮನಸ್ಸು ಮಾಡಿ ನಿನ್ನನ್ನ ಕ್ಷಮಿಸಿದೋನ ಹಾಗೆ.

ಫ್ರೇಮ್? ಸೈಕಲ್ ಅಂಗಡಿಗೆ ಕೊಟ್ಟು ಮಾರಿಸ್ತೀನಿ ಅಂತ ಪ್ರಿಯಂವದಾ ಹೊರಟಿದ್ಲು. ಅಂಗಡಿಯೋನು ಕೈಯಲ್ಲಿ ಹಿಡಿದ ತಕ್ಷಣ ಹೇಳಿಬಿಡ್ತಿದ್ದ, ಇದು ಜೋರಾಗಿ ಬಿದ್ದಿದೆ ಮೇಡಂ ಅಂತ. ಕಸಕ್ಕೆ ಹಾಕೋಣ ಅಂದ್ರೆ ಇಷ್ಟು ಒಳ್ಳೇದನ್ನ ಯಾಕೆ ಅಂತ ಕೇಳ್ತಾಳೆ. ಆಗ ನಿನ್ನ ನೆನಪಾಯ್ತು.

ತಪ್ಪು ತಿಳಿಬೇಡ. ಮೂವತ್ತು ವರ್ಷ ನಾನು ಸಾಫ್ಟ್‌ವೇರ್ ಟೆಸ್ಟಿಂಗಲ್ಲೇ ಇದ್ದೋನು. ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರೂ ಬಳಸದ ಮೂಲೇಲಿ ದೋಷ ಕಂಡ್ರೆ ಅದನ್ನ ಸರಿ ಮಾಡಲ್ಲ. ನೋನ್ ಇಶ್ಯೂ, ಅಂದ್ರೆ ಗೊತ್ತಿರೋ ದೋಷ ಅಂತ ಬರೆದಿಟ್ಟು ರಿಲೀಸ್ ಮಾಡ್ತೀವಿ. ನಿನ್ನ ಗ್ಯಾರೇಜ್ ಅಂಥಾ ಮೂಲೆ ಅಂದ್ಕೊಂಡೆ ಕಣೋ. ತೊಟ್ಟಿಲ ಪಕ್ಕ ಇದನ್ನೂ ನೇತುಹಾಕ್ತೀಯ, ಇಬ್ಬರೂ ಸಾಯೋವರೆಗೂ ಅಲ್ಲೇ ಇರುತ್ತೆ. ನಿನ್ನ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ನೀನು ಮುಗಿಸಲ್ಲ ಅಂತ.

ಬರೆದಿಡ್ತೀವಿ ಅಂದ್ನಲ್ಲ, ನಾನು ಅದನ್ನೂ ಮಾಡಲಿಲ್ಲ. ಎಲ್ಲೂ ಬರೆದಿಡಲಿಲ್ಲ. ಯಾರಿಗೂ ಹೇಳಲಿಲ್ಲ.

ಆದ್ರೆ ಇವತ್ತು ಬಂದೆ! ಅದನ್ನ ನೋಡು ನೀನು. ಫೋಟೋ ನೋಡಿದ ಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಊಟ ಇಳೀಲಿಲ್ಲ. ನಿನ್ನ ತಡೀಬೇಕು ಅಂತ ತಾನೇ ಬಂದಿದ್ದು? ಹೇಳಿಯೇಬಿಡೋಣ ಅಂತ... ಹೇಳಿಯೇಬಿಡೋಣ ಅಂತಾನೇ...

ಏನಾದ್ರೂ ಅನ್ನೋ ನಂಜುಂಡ. ಸ್ಪ್ಯಾನರ್ ಎತ್ಕೊಂಡು ಹಾಗೆ ನೋಡ್ಬೇಡ, ನನ್ನ ಕೈಲಿ ಆಗಲ್ಲ.

ಇಲ್ಲ. ಹೇಳೋಕೆ ಬಂದಿರಲಿಲ್ಲ. ಬಾಗಿಲಲ್ಲೇ ನೀನು "ಆಯ್ತು ಮಾರಾಯ, ಅಲ್ಯೂಮಿನಿಯಂ ತಗೋತೀನಿ" ಅಂದಿದ್ದಿದ್ರೆ ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿ ಮಲಗ್ತಿದ್ದೆ. ನೀನು ಮುಂದಿನ ವರ್ಷಾನೂ ಆ ಏಣಿ ಹಿಡೀಲಿಲ್ಲ ಅಂತ ಕೊರಗ್ತಿದ್ದೆ. ನಾನು ಇರಲಿ ಬಿಡೋ ಅಂತಿದ್ದೆ. ನನ್ನ ಬುದ್ಧಿ ಇಷ್ಟೇ ಕಣೋ. ನಾಚಿಕೆ ಆಗ್ತಿದೆ.

ಬೈಯಿ. ಕೈಯಲ್ಲಿರೋ ಸ್ಪ್ಯಾನರಲ್ಲಿ ಒಂದು ಹಾಕು, ಮಾತ್ರೆ ತಗೊಳ್ಳೋನು ಅಂತ ಯೋಚನೆ ಮಾಡಬೇಡ. ಪ್ರಿಯಂವದಾಗೆ ಫೋನ್ ಮಾಡ್ತೀಯಾ? ಮಾಡು. ನಂಬರ್ ನಾನೇ ಒತ್ತಿ ಕೊಡ್ತೀನಿ. ಶ್ರಾವಣಿಗೂ ನಾನೇ... ಎಲ್ಲಿಗೆ ಹೋಗ್ತಿದ್ದೀಯ? ಗೋಡೆ ಹತ್ರ ಏನಿದೆ?

ಗ್ಯಾರೇಜ್ ಬಾಗಿಲು ಯಾಕೆ ತೆಗೆದೆ? ಸೆಕೆ ಆಗ್ತಿದ್ಯಾ? ನನಗೇನೂ ಅನ್ನಿಸ್ತಿಲ್ಲ, ಮಾರ್ಚ್ ತಿಂಗಳು ತಾನೇ. ಗಾಳಿಗೆ ಅರ್ಧ ತೆಗೆದ್ರೆ ಸಾಕಿತ್ತು, ಪೂರ್ತಿ ಮೇಲಕ್ಕೆ ಯಾಕೆ...

ಓ.

ಕಾಣಿಸ್ತು. ನನ್ನ ಕಾರು ಅಲ್ಲೇ ಇದೆ. ಹೊರಟೆ.