ತ್ಯಾಗದ ಬುಟ್ಟಿಗೆ ಬಿದ್ದ ಉಸಿರು

ಅಧ್ಯಕ್ಷ ಪೀಠವನ್ನೂ ಅದರ ಪಕ್ಕದ ಅರ್ಧ ಪೀಠವನ್ನೂ ಒಟ್ಟಿಗೇ ಅಲಂಕರಿಸಿರುವ ತೆಂಗಿನಕಾಯಿ ಮಂಡಿಯ ಶ್ರೀ ಪುಟ್ಟಸ್ವಾಮಿಯವರೇ, ಭಾನುವಾರವೂ ಬಿಡದ ರೋಗಿಗಳನ್ನು ಬಿಟ್ಟು ಬೇಲೂರಿನಿಂದ ಬಂದಿರುವ ಮುಖ್ಯ ಅತಿಥಿ ಡಾಕ್ಟರ್ ಹೇಮಲತಾ ಅವರೇ, ಮೈಕನ್ನು ನನ್ನ ಕೈಗೆ ಕೊಟ್ಟ ಮೇಲೂ ಅದರ ವೈರನ್ನು ಬಿಡದೆ ಹಿಡಿದುಕೊಂಡಿರುವ ನಿರೂಪಕ ಬಸವಕುಮಾರ್ ಅವರೇ, ಈ ಡಿಸೆಂಬರ್ ಜನವರಿಯ ಚಳಿಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು ಬಂದು ನಲವತ್ತು ದಿನ ನನ್ನೊಡನೆ ಉಸಿರಾಡಿದ ಶಿಬಿರಾರ್ಥಿಗಳೇ, ಉಪ್ಪಿಟ್ಟಿನ ವಾಸನೆ ಹಿಡಿದು ಈಗಷ್ಟೇ ಒಳಗೆ ಬಂದಿರುವ ಸಭಿಕರೇ,

ಮೊಟ್ಟಮೊದಲಿಗೆ ಒಂದು ಐತಿಹಾಸಿಕ ಘೋಷಣೆ. ಇಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಅರಸೀಕೆರೆಯ ನಮ್ಮ ಮನೆಯಲ್ಲಿ, ಚಮಚಗಳ ಸಂಖ್ಯೆಯನ್ನು ಹನ್ನೊಂದರಿಂದ ಮೂರಕ್ಕೆ ಇಳಿಸಲಾಗಿದೆ. ಸರಳ ಜೀವನದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಈ ಹೊತ್ತನ್ನು ಗುರುತು ಮಾಡಿಕೊಳ್ಳಲಿ. ನನ್ನ ಶ್ರೀಮತಿ ಅನುಸೂಯಮ್ಮ ಮಾತ್ರ, "ಭಾಷಣ ಮುಗ್ಸಿ ಬಂದ್ಮೇಲೆ ಮಿಕ್ಕ ಎಂಟನ್ನ ಎಲ್ಲಿ ಬಚ್ಚಿಟ್ಟಿದ್ದೀರ ಅಂತ ಹೇಳಿ, ಸಾಕು" ಎಂದರು. ಮಹತ್ಕಾರ್ಯಗಳಿಗೆ ಮನೆಯಿಂದಲೇ ಅಡ್ಡಿ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ.

ನಮ್ಮ ಸರಳ ಉಸಿರು ಬಳಗ ಇಂದು ನನಗೆ ಶಾಲು ಹೊದಿಸಿ, ಪೇಟ ತೊಡಿಸಿ, 'ಶ್ವಾಸಭೂಷಣ' ಎಂಬ ಬಿರುದನ್ನು ಕೊಟ್ಟಿದೆ. ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಮೂವತ್ತೊಂದು ವರ್ಷ ಸೀಟಿ ಊದಿದವನಿಗೆ ಉಸಿರಿನ ಬಿರುದು ಸಿಕ್ಕಿದ್ದರಲ್ಲಿ ಆಶ್ಚರ್ಯವೇನಿದೆ? ಏನೂ ಇಲ್ಲ. ನಾನೇ ಹೇಳಿಕೊಳ್ಳಬಾರದು, ಆದರೆ ಬಸವಕುಮಾರ್ ಹೇಳಲು ಮರೆತಿದ್ದರಿಂದ ಹೇಳಿದೆ.

ಇನ್ನು ಮೇಜಿನ ಮೇಲೆ, ಹೂವಿನ ಹಾರದ ಪಕ್ಕ, ಕೆಂಪು ರಿಬ್ಬನ್ನು ಕಟ್ಟಿರುವ ಈ ಬಿದಿರಿನ ಬುಟ್ಟಿ. ಹೊಸಬರಿಗಾಗಿ ಹೇಳುತ್ತೇನೆ. ಇದು ತ್ಯಾಗದ ಬುಟ್ಟಿ. ನಮ್ಮ ಶಿಬಿರದ ಮೂವತ್ತೊಂಬತ್ತನೆಯ ದಿನ, ಅಂದರೆ ನಿನ್ನೆ, ಪ್ರತಿಯೊಬ್ಬರೂ ತಮಗೆ ಅಂಟಿಕೊಂಡಿರುವ ವಸ್ತುವನ್ನು ತಂದು ಇದರೊಳಗೆ ಹಾಕಬೇಕು. ಹಾಕಿ, ಎಲ್ಲರಿಗೂ ಕೇಳುವಂತೆ, "ಇದಿಲ್ಲದೆಯೂ ನಾನು ಬದುಕುತ್ತೇನೆ" ಎನ್ನಬೇಕು. ಪದ್ಧತಿ ನನ್ನದೇ. ಈ ವರ್ಷ ಬಂದಿರುವುದು ಏನೇನು? ನಶ್ಯದ ಡಬ್ಬಿ ಎರಡು, ಬೀಡಿ ಕಟ್ಟು ನಾಲ್ಕು, ಟಿವಿ ರಿಮೋಟು ಒಂದು. ಮಂಡಿ ಪುಟ್ಟಸ್ವಾಮಿಯವರು ತಮ್ಮ ಎಲೆ ಅಡಿಕೆ ಚೀಲವನ್ನು ಹಾಕಿದ್ದಾರೆ. ಅವರ ಜೇಬಿನಲ್ಲಿ ಈಗ ಇರುವುದು ಇನ್ನೊಂದು ಚೀಲ. ನಗಬೇಡಿ, ಅಧ್ಯಕ್ಷರು.

ಹಾಗೆಯೇ ಒಂದು ಬಟನ್ ಫೋನು. ಮತ್ತೆ... ಮತ್ತೆ ಇತರ ವಸ್ತುಗಳು.

ನಾನು ಈಗ ಮಾತಿಗೆ ಏಳುವಾಗ ಡಾಕ್ಟರ್ ಮೇಡಂ ನನ್ನ ಕಿವಿಯಲ್ಲಿ ಒಂದು ಪ್ರಶ್ನೆ ಕೇಳಿದರು. ನೀವೆಲ್ಲ ಅದನ್ನು ಹೊಗಳಿಕೆ ಎಂದುಕೊಂಡು ಚಪ್ಪಾಳೆ ತಟ್ಟಿದಿರಿ. "ಸಾರ್, ಬುಟ್ಟೀಲಿ ಆ ನೀಲಿ ಬಣ್ಣದ್ದು ಇದ್ಯಲ್ಲ, ಅದು ಯಾರ್ದು?" ಎಂದರು. "ಭಾಷಣ ಆದ್ಮೇಲೆ ಹೇಳ್ತೀನಿ ಮೇಡಂ" ಎಂದೆ. "ಈಗ್ಲೇ ಹೇಳಿ" ಎಂದರು. ಅಷ್ಟರಲ್ಲಿ ಬಸವಕುಮಾರ್ ನನ್ನನ್ನು ಮೈಕಿನ ಮುಂದೆ ತಳ್ಳಿದರು. ಇರಲಿ. ಮೇಡಂ ಈಗಲೂ ನನ್ನ ಬೆನ್ನನ್ನೇ ನೋಡುತ್ತಿರಬಹುದು. ತಿರುಗಿ ನೋಡುವ ಧೈರ್ಯ ನನಗಿಲ್ಲ.

ಉಸಿರು ಎಂದರೆ ಏನು, ಸಭಿಕರೇ? ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಇಷ್ಟೇ ನಾನು ಕಲಿಸಿದ್ದು. ಒಳ್ಳೆಯದನ್ನೇ ಕಲಿಸಿದ್ದೇನೆ. ಎಷ್ಟು ಜನಕ್ಕೆ ನಿದ್ದೆ ಬಂತು! ಎಷ್ಟು ಜನರ ಸಿಡುಕು ಇಳಿಯಿತು! ಸೊಸೆಯಂದಿರು ಬಂದು ನನಗೆ ಕೈಮುಗಿದು ಹೋಗಿದ್ದಾರೆ...

ಕ್ಷಮಿಸಿ. ಬುಟ್ಟಿಯೊಳಗಿನ ಫೋನು ರಿಂಗಾಗುತ್ತಿದೆ. ರಿಂಗಾಗಲಿ ಬಿಡಿ. ತ್ಯಾಗ ಮಾಡಿದ ಫೋನನ್ನು ಎತ್ತಿದರೆ ತ್ಯಾಗ ಕೆಡುತ್ತದೆ ಎಂಬ ನಿಯಮವನ್ನೂ ನಾನೇ ಮಾಡಿದ್ದೇನೆ.

ಹಾಂ, ನಿಂತಿತು.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಇದೆ. ಅದರ ಮೇಲೆ ಚೀಟಿ ಅಂಟಿಸಿದೆ: ಶ್ರೀಮತಿ ಮುದ್ದಮ್ಮ, ಉತ್ತಮ ಶಿಬಿರಾರ್ಥಿ. ಗಂಡಸಿ ಹತ್ತಿರದ ಹಳ್ಳಿಯವರು. ತೆಂಗಿನ ಸಿಪ್ಪೆಯಿಂದ ನಾರು ತೆಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವರು. ಶಿಬಿರಕ್ಕೆಂದೇ ಇಲ್ಲಿ ಅಕ್ಕನ ಮನೆಯಲ್ಲಿ ಉಳಿದು, ಒಂದು ದಿನವೂ ತಪ್ಪಿಸದೆ ಬಂದವರು. ನಿನ್ನೆ ಊರಿಗೆ ಹೋಗುವಾಗ, "ನಾಳೀಕೆ ಮೊದುಲ್ನೇ ಬಸ್ಸಿಗೇ ಬತ್ತೀನಿ ಗಾರ್ಡಪ್ಪೋರೇ, ಹೊಸಾ ಸೀರೆ ಉಟ್ಕಂಡ್ ಬತ್ತೀನಿ" ಎಂದಿದ್ದರು. ಮೊದಲನೆಯ ಬಸ್ಸು ಬಂದು ಹೋಗಿದೆ. ಎರಡನೆಯದೂ ಬಂದು ಹೋಗಿದೆ. ಹಳ್ಳಿಯಲ್ಲಿ ಕೆಲಸ ಇರುತ್ತದೆ. ದನ ಕರು ಇರುತ್ತವೆ. ಬರುತ್ತಾರೆ.

ನಾನು ಈ ದಾರಿಗೆ ಹೇಗೆ ಬಂದೆ ಎಂದು ಬಸವಕುಮಾರ್ ಕೇಳಿದ್ದರು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಗಾರ್ಡಿನ ಜಾಗ. ಮುಂದಿನ ನಲವತ್ತು ಡಬ್ಬಿಗಳ ಅದಿರು, ಸಿಮೆಂಟು, ಎಲ್ಲದರ ಧೂಳೂ ಕೊನೆಗೆ ಬಂದು ಸೇರುವುದು ಅವನ ಮೂಗಿಗೇ. ಐವತ್ತೆರಡನೆಯ ವಯಸ್ಸಿಗೆ ನನಗೆ ಬಾಯಿಯಲ್ಲಿ ಸೀಟಿ ಬೇಕಾಗಲಿಲ್ಲ, ಎದೆಯೇ ಊದುತ್ತಿತ್ತು. ಆಗ ಒಬ್ಬರು ಡಾಕ್ಟರು ಔಷಧಿ ಕೊಟ್ಟು, ಜೊತೆಗೆ ನಿಧಾನವಾಗಿ ಉಸಿರಾಡುವುದನ್ನೂ ಹೇಳಿಕೊಟ್ಟರು. ಎರಡೂ ಸೇರಿ ಗುಣವಾಯಿತು. ನಿವೃತ್ತನಾಗಿ ಈ ಬಳಗ ಕಟ್ಟಿದಾಗ ನಾನು ನಿಮಗೆ ಹೇಳಿದ್ದು ಮಾತ್ರ ಎರಡನೆಯದನ್ನು. ಮೊದಲನೆಯದು... ಮೊದಲನೆಯದನ್ನು ಹೇಳುವ ಸಂದರ್ಭ ಬರಲಿಲ್ಲ.

ಸಂದರ್ಭ ಬರಲಿಲ್ಲ ಎಂದೆನಲ್ಲ. ಹಳೇಬೀಡಿನ ಪ್ರವಾಸ ನೆನಪಿದೆಯೇ? ಇಪ್ಪತ್ತೆರಡನೆಯ ದಿನ. ದೊಡ್ಡ ಕೆರೆಯ ದಂಡೆಯಲ್ಲಿ ಕೂತು ಉಸಿರಾಡೋಣ ಎಂದು ಮಿನಿ ಬಸ್ಸು ಮಾಡಿಕೊಂಡು ಹೋದೆವು. ಜಾವಗಲ್ಲು ದಾಟಿದ ಮೇಲೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿದ್ದರು. ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ನಮ್ಮ ಬಸ್ಸೂ ಪುಕ್ಕಟೆ ಸೇವೆ ಸಲ್ಲಿಸಿತು. ಹೊಟ್ಟು, ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಮುದ್ದಮ್ಮನಿಗೆ ಎದೆ ಹಿಡಿಯಿತು. ಆಕೆ ಯಾವ ನಾಚಿಕೆಯೂ ಇಲ್ಲದೆ ಸೊಂಟದ ಚೀಲದಿಂದ ನೀಲಿ ಇನ್ಹೇಲರ್ ತೆಗೆದು ಎಳೆದುಕೊಂಡರು. ಎರಡು ಸಲ. ಆಮೇಲೆ ಆರಾಮವಾಗಿ ಕಡಲೆಕಾಯಿ ತಿಂದರು.

ನನಗೂ ಎದೆ ಹಿಡಿದಿತ್ತು. ನನಗೂ! ಆದರೆ ಗುರು ಎನಿಸಿಕೊಂಡವನು ಇಪ್ಪತ್ತಾರು ಜನರ ಎದುರಿಗೆ ಜೇಬಿಗೆ ಕೈ ಹಾಕುವುದು ಹೇಗೆ? ಉಸಿರು ಬಿಗಿಹಿಡಿದು, ಮುಗುಳ್ನಗುತ್ತ, ಹಳೇಬೀಡಿನವರೆಗೂ ಕುಳಿತೆ. ನೀವೆಲ್ಲ ಅದನ್ನು ಧ್ಯಾನ ಎಂದುಕೊಂಡಿರಿ. ಇಳಿದವನೇ ಶಿಲ್ಪ ನೋಡುವವನಂತೆ ದೇವಸ್ಥಾನದ ಹಿಂದಕ್ಕೆ ಹೋದೆ. ಗೋಡೆಯ ಮೇಲಿನ ಆನೆಗಳ ಸಾಲಿಗೆ ಮುಖ ಮಾಡಿ, ಜುಬ್ಬದ ಎಡಜೇಬಿನಿಂದ ತೆಗೆದು, ನಾನೂ ಎರಡು ಸಲ ಎಳೆದುಕೊಂಡೆ. ಆನೆಗಳು ಯಾರಿಗೂ ಹೇಳಲಿಲ್ಲ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬರೆದುಕೊಂಡು ಬಂದ ಹಾಳೆಯಲ್ಲಿ ಇದಿಲ್ಲ. ಹಾಳೆಯಲ್ಲಿ ಇರುವುದು ನಗುವಿನ ಮಹತ್ವ.

ಮತ್ತೆ ಫೋನು. ಎರಡನೆಯ ಸಲ. ಬಸವಕುಮಾರ್, ಅದನ್ನು ಆಫ್ ಮಾಡಬೇಡಿ. ಇರಲಿ. ಬೇಡ ಎಂದೆನಲ್ಲ, ಕೈ ತೆಗೆಯಿರಿ.

ಕೇಳಿ. ಆನೆಗಳ ಮುಂದಿನಿಂದ ಬಂದು ನಾನು ಮಾಡಿದ್ದೇನು ಗೊತ್ತೇ? ಕೆರೆಯ ದಂಡೆಯಲ್ಲಿ ನಿಮ್ಮನ್ನೆಲ್ಲ ಕೂರಿಸಿ, ಮುದ್ದಮ್ಮನನ್ನು ಎದ್ದು ನಿಲ್ಲಿಸಿದೆ. "ಏನ್ರೀ ಮುದ್ದಮ್ಮ, ಇನ್ನೂ ಎಷ್ಟು ದಿನ ಆ ಊರುಗೋಲು? ಇಪ್ಪತ್ತೆರಡು ದಿನ ಕಲಿತದ್ದು ಎಲ್ಲಿ ಹೋಯಿತು?" ಎಂದೆ. ನನ್ನ ಎದೆಯೊಳಗೆ ಆಗತಾನೆ ಹೋದ ಔಷಧಿಯ ಬಲದಿಂದಲೇ ಆ ಮಾತನ್ನು ಆಡಿದೆ. ನೀವೆಲ್ಲ ನಕ್ಕಿರಿ. ಆಕೆಯೂ ನಕ್ಕರು. "ಅಯ್ಯೋ ಗಾರ್ಡಪ್ಪೋರೇ, ಇದ್ರು ಪಾಡಿಗೆ ಇದು ಇರ್ಲಿ ಬುಡಿ, ಇದಿಲ್ದಿದ್ರೆ ಆಗಕಿಲ್ಲ ಕಣ್ರೀ ನಂಗೆ" ಎಂದರು. "ಆಗಲ್ಲ ಅನ್ನೋ ಪದವೇ ನಮ್ಮ ಬಳಗದಲ್ಲಿ ಇಲ್ಲ" ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು.

ನಿನ್ನೆ ತ್ಯಾಗದ ದಿನ. ಮುದ್ದಮ್ಮ ಮೊದಲು ಫೋನು ಹಾಕಿದರು. "ಮಗ್ಳು ದಿನಾ ನಾಕ್ ಸಲ ಮಾಡ್ತಾಳೆ, ಉಂಡ್ಯಾ ಮಲಗ್ದ್ಯಾ ಅಂತ. ಎಲ್ಡ್ ದಿನ ನೆಮ್ದಿಯಾಗಿರ್ತೀನಿ" ಎಂದರು. ನಕ್ಕೆವು. ಅಲ್ಲಿಗೆ ಮುಗಿಯಬೇಕಿತ್ತು. ಆಕೆ ಬುಟ್ಟಿಯ ಮುಂದೆಯೇ ನಿಂತರು. ಸೊಂಟದ ಚೀಲಕ್ಕೆ ಕೈ ಹಾಕಿದರು. ನನ್ನ ಮುಖ ನೋಡಿದರು. ಸಭಿಕರೇ, ಆ ಕ್ಷಣದಲ್ಲಿ ನಾನು ತಲೆ ಅಡ್ಡ ಆಡಿಸಿದ್ದರೆ ಸಾಕಿತ್ತು. ಒಂದೇ ಒಂದು ಸಲ. ನಾನು ಆಡಿಸಿದ್ದು ಮೇಲಿಂದ ಕೆಳಕ್ಕೆ.

"ಇದಿಲ್ದೆಯೂ ನಾನು ಬದುಕ್ತೀನಿ" ಎಂದರು, ಮೆಲ್ಲಗೆ. "ಹಿಂದಿನವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ" ಎಂದೆ. ಜೋರಾಗಿ ಹೇಳಿದರು. ಹೇಳಿ ಕೆಮ್ಮಿದರು. ನಾನು ಫೋಟೋ ತೆಗೆಸಿದೆ. ಉತ್ತಮ ಶಿಬಿರಾರ್ಥಿ ಎಂದು ಅಲ್ಲೇ ಘೋಷಿಸಿದೆ.

ಮೇಡಂ, ನೀವು ಕೇಳಿದಿರಲ್ಲ. ನೀಲಿ ಬಣ್ಣದ್ದು ಮುದ್ದಮ್ಮನದು.

ನೀರು ಬೇಡ ಬಸವಕುಮಾರ್. ನೀರಿನಿಂದ ಆಗುವುದಲ್ಲ ಇದು. ಸಾಂಬ್ರಾಣಿ ಹೊಗೆ, ಈ ಹಾರದ ಹೂವು... ಹತ್ತು ನಿಮಿಷದಿಂದ ನನ್ನ ಎದೆ ಸೀಟಿ ಊದುತ್ತಿದೆ, ಮೈಕಿನಲ್ಲಿ ನಿಮಗೂ ಕೇಳಿಸುತ್ತಿರಬೇಕು. ಸ್ವಲ್ಪ ತಡೆಯಿರಿ. ಶಾಲಿನ ಕೆಳಗೆ ಜೇಬು ಸಿಗುತ್ತಿಲ್ಲ. ಸಿಕ್ಕಿತು. ನೋಡಿ. ಎಲ್ಲರೂ ನೋಡಿ. ಹಿಂದಿನವರಿಗೆ ಕಾಣುತ್ತಿದೆಯೇ? ನನ್ನದೂ ನೀಲಿ ಬಣ್ಣದ್ದೇ.

ಒಂದು.

ಎರಡು.

ಹಾಂ. ನಿಮ್ಮ ಶ್ವಾಸಭೂಷಣ ಉಸಿರಾಡುವುದು ಹೀಗೆ. ನಿಧಾನದ ಉಸಿರು ಒಳ್ಳೆಯದು, ನಾಳೆಯೂ ಹಾಗೆಂದೇ ಹೇಳುತ್ತೇನೆ. ಚಮಚ ಬಿಡಿ, ಬೀಡಿ ಬಿಡಿ, ಟಿವಿ ಬಿಡಿ, ನನ್ನಂಥವರ ಭಾಷಣವನ್ನಂತೂ ಮೊದಲು ಬಿಡಿ. ಔಷಧಿ ಬಿಡುವ ಮಾತನ್ನು ಡಾಕ್ಟರ ಹತ್ತಿರವಲ್ಲದೆ ಬೇರೆ ಯಾರ ಹತ್ತಿರವೂ ಆಡಬೇಡಿ, ಅವನು ಎಷ್ಟೇ ದೊಡ್ಡ ಪೇಟ ಸುತ್ತಿಕೊಂಡಿರಲಿ...

ಮೂರನೆಯ ಸಲ ರಿಂಗಾಗುತ್ತಿದೆ. ನಿಯಮ ಮಾಡಿದವನೇ ಮುರಿಯುತ್ತಿದ್ದೇನೆ.

ಹಲೋ. ಹಲೋ, ಯಾರಮ್ಮ? ಅಲ್ಲಮ್ಮ, ನಾನು ಷಡಕ್ಷರಪ್ಪ, ಅರಸೀಕೆರೆಯಿಂದ. ಇಲ್ಲ, ಅವರು ಇಲ್ಲಿಲ್ಲ. ಫೋನು ಇಲ್ಲಿದೆ. ಯಾವಾಗಿನಿಂದ? ಸರಿ. ಸರಿಯಮ್ಮ. ಹೊರಟೆವು. ಇಡು.

ಮುದ್ದಮ್ಮನ ಮಗಳು ಮೀನಾಕ್ಷಿ. ಬಾಣಾವರದಲ್ಲಿ ಟೀಚರು. ಪಕ್ಕದ ಮನೆಯವರು ಆಕೆಗೆ ಫೋನು ಮಾಡಿದ್ದರಂತೆ. "ಬೆಳಗ್ಗಿಂದ ಜಗಲಿ ಮ್ಯಾಲೆ ಕೂತವ್ಳೆ, ಮಾತಾಡಕಾಯ್ತಿಲ್ಲ. ಆಸ್ಪತ್ರೆಗೆ ನಡಿ ಅಂದ್ರೆ ಕೈ ಅಡ್ಡ ಮಾಡ್ತಾಳೆ, ಬೆಟ್ಟು ಮಡಿಸ್ಕಂಡು ಏನೋ ಎಣುಸ್ತವ್ಳೆ" ಎಂದರಂತೆ. "ಅಮ್ಮ ಏನ್ ಎಣಿಸ್ತಿದಾರೆ ಸಾರ್?" ಎಂದು ಆ ಹುಡುಗಿ ನನ್ನನ್ನು ಕೇಳಿದಳು. ನಿಮಗೆ ಗೊತ್ತಿದೆ. ನಾಲ್ಕು ಒಳಗೆ, ಆರು ಹೊರಗೆ.

ಪುಟ್ಟಸ್ವಾಮಿಯವರೇ, ನೂರಾ ಎಂಟಕ್ಕೆ ಫೋನು ಮಾಡಿ, ಗಂಡಸಿ ಕಡೆಯ ಗಾಡಿ ಇದ್ದರೆ ಅದೇ ಮೊದಲು ತಲುಪಲಿ. ಮಾಡುತ್ತಿದ್ದೀರಿ. ಒಳ್ಳೆಯದು. ಡಾಕ್ಟರ್ ಮೇಡಂ ಆಗಲೇ ವೇದಿಕೆ ಇಳಿದಿದ್ದಾರೆ; ಬುಟ್ಟಿಯಿಂದ ಮುದ್ದಮ್ಮನ ಇನ್ಹೇಲರ್ ತೆಗೆದು ಅಲ್ಲಾಡಿಸಿ ನೋಡಿ ಬ್ಯಾಗಿಗೆ ಹಾಕಿಕೊಂಡರು. ಮನೆಯ ದಾರಿ ಗೊತ್ತಿರುವುದು ನನಗೆ, ನಾನೂ ಅವರ ಕಾರಿನಲ್ಲೇ ಹೊರಟೆ. ಪೇಟ ಇಲ್ಲಿಟ್ಟಿದ್ದೇನೆ, ಶಾಲೂ ಇಲ್ಲಿಟ್ಟಿದ್ದೇನೆ. ಆ ಬಿರುದನ್ನು ಯಾರಿಗಾದರೂ ಕೊಡಿ, ಅಥವಾ ಯಾರಿಗೂ ಕೊಡಬೇಡಿ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ, ನಡುವೆ ಎದ್ದು ಹೋಗಿದ್ದರೆ ಇನ್ನೂ ಋಣಿಯಾಗಿರುತ್ತಿದ್ದೆ. ನಿಂತ ಕಾಲಲ್ಲೇ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಉಪಕಾರ. ಗೇಟಿನಲ್ಲಿ ಮೇಡಂ ಕಾರಿಗೆ ಅಡ್ಡವಾಗಿ ಯಾರೋ ಕಪ್ಪು ಬೈಕು ನಿಲ್ಲಿಸಿದ್ದೀರಿ. ಕೆಎ ಹದಿಮೂರು, ಕೊನೆಯಲ್ಲಿ ನಾಲ್ಕು ಏಳು ಏಳು ಒಂದು. ಹ್ಯಾಂಡಲ್ ಲಾಕ್ ಆಗಿದೆ, ಎತ್ತಿ ಸರಿಸಲು ಆಗುತ್ತಿಲ್ಲವಂತೆ. ಯಾರದಪ್ಪಾ ಅದು, ಕೀ ತಗೊಂಡು ಓಡಿ ಬನ್ನಿ.